ಗೂಡಿನ ಮೇಲಿನ ಮೊಳೆ

ಮೊಳೆ ಇದ್ದ ಹಾಗೇ ಇತ್ತು. ಚಿತ್ರ ಇರಲಿಲ್ಲ.

ಶುನ್‌ಸಾಕು ಹ್ಯಾಟನ್ನು ಕೈಯಲ್ಲಿ ಹಿಡಿದುಕೊಂಡೇ ನಡುಮನೆಯ ಗೋಡೆಯಲ್ಲಿ ಚಿತ್ರ ತೂಗುವ ಗೂಡಿನ ಮುಂದೆ ನಿಂತುಬಿಟ್ಟ. ಆರು ವಾರದ ಹಿಂದೆ ಅವನು ಟೋಕಿಯೊಗೆ ಹೊರಟಾಗ ಅಲ್ಲಿ ಅವನೇ ಬರೆದ ಎಣ್ಣೆಬಣ್ಣದ ಚಿತ್ರ ತೂಗುತ್ತಿತ್ತು. ಈಗ ಅದೇ ಜಾಗದಲ್ಲಿ ಶರತ್ಕಾಲದ ಹುಲ್ಲುಹೂಗಳೂ ಒಂದು ಮಿಡತೆಯೂ ಇರುವ ಹಳೆಯ ರೇಷ್ಮೆಯ ಸುರುಳಿಚಿತ್ರ ಇಳಿಬಿದ್ದಿತ್ತು. ಅದರ ಮೇಲುಗಡೆ, ಗೂಡಿನ ಅಡ್ಡಪಟ್ಟಿಗೆ ಅವನು ಕೈಯಾರೆ ಬಡಿದಿದ್ದ ದಪ್ಪ ಕಬ್ಬಿಣದ ಮೊಳೆ ಮೂಗು ಚಾಚಿಕೊಂಡು ನಿಂತಿತ್ತು.

ಚಿತ್ರ ಎಲ್ಲಿ ಎಂದು ಕೇಳಿದ. ತಾಯಿ ಇಸೊ ನಡುವಿಗೆ ಕಟ್ಟಿದ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದಳು.

"ಎತ್ತಿಟ್ಟಿದ್ದೀನಿ ಕಣೋ. ಮೊದ್ಲು ಕೈಕಾಲು ತೊಳ್ಕೊಂಡು ಬಾ. ಹಾಗೇ ಆ ಮೊಳೆ ಒಂದು ಕಿತ್ತುಬಿಡು. ಹಿರಿಯರ ಹಬ್ಬಕ್ಕೆ ಬಂದವರೆಲ್ಲ ನಿಮ್ಮಪ್ಪನಿಗೆ ಕೈ ಮುಗಿಯೋದು ಬಿಟ್ಟು ಆ ಮೊಳೆನೇ ನೋಡ್ತಾ ಕೂತಿದ್ರು."

ಅವಳ ದನಿಯಲ್ಲಿ ತಪ್ಪಿನ ಸುಳಿವೇ ಇರಲಿಲ್ಲ. ಒಂದು ಒಳ್ಳೆಯ ಕೆಲಸ ಮಾಡಿ, ಮಗ ಅದನ್ನು ತಾನಾಗಿ ಕಂಡುಕೊಳ್ಳಲಿ ಎಂದು ಕಾಯುವವರ ಸಂಭ್ರಮವಿತ್ತು. ಅದನ್ನು ಕಂಡು ಅವನಿಗೂ ತುಸು ಸಮಾಧಾನವಾಯಿತು. ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ಅಲ್ಲಿ ಸೌದೆಯ ಪಕ್ಕ ನಾಲ್ಕು ಮರದ ಪಟ್ಟಿಗಳನ್ನು ಹುರಿಯಲ್ಲಿ ಕಟ್ಟಿ ಅಚ್ಚುಕಟ್ಟಾಗಿ ಒರಗಿಸಿದ್ದರು. ಅವು ಅವನ ಕ್ಯಾನ್ವಾಸನ್ನು ಬಿಗಿದಿದ್ದ ಚೌಕಟ್ಟಿನ ಪಟ್ಟಿಗಳು. ಪಕ್ಕದಲ್ಲೊಂದು ಚಹಾದ ಡಬ್ಬಿ. ಮುಚ್ಚಳ ತೆಗೆದು ನೋಡಿದ. ಕ್ಯಾನ್ವಾಸಿಗೆ ಹೊಡೆದಿದ್ದ ಚಿಕ್ಕ ಮೊಳೆಗಳು. ಒಂದೊಂದನ್ನೂ ಕಿತ್ತು, ಸೊಟ್ಟಗಾದದ್ದನ್ನು ತಟ್ಟಿ ನೆಟ್ಟಗೆ ಮಾಡಿ, ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಇಟ್ಟಿದ್ದಳು. ಶುನ್‌ಸಾಕು ಕೈಕಾಲು ತೊಳೆಯದೆಯೇ ಒಳಗೆ ಓಡಿದ.

ಕ್ಯೋಟೋದ ನಮ್ಮ ಬೀದಿಯಲ್ಲಿ ಆ ಮನೆಗೆ ಅಂಟಿನ ಮನೆ ಎಂದೇ ಹೆಸರು. ಮೂರು ತಲೆಮಾರಿನಿಂದ ಅವರ ಕಸುಬು ಬೇರೆಯವರು ಬರೆದ ಚಿತ್ರಗಳಿಗೆ ಬೆನ್ನು ಕಟ್ಟುವುದು. ಹಿಂದೆ ತೆಳುಕಾಗದ ಹಚ್ಚಿ, ಸುತ್ತ ರೇಷ್ಮೆಯ ಅಂಚು ಕೊಟ್ಟು, ಕೆಳಗೆ ಮರದ ದಿಂಡು ಸೇರಿಸಿ ಸುರುಳಿ ಮಾಡಿಕೊಡುತ್ತಾರೆ. ಹಳೆಯದು ಹರಿದರೆ ಬಿಚ್ಚಿ ಮತ್ತೆ ಕಟ್ಟುತ್ತಾರೆ. ವರ್ಷದ ಕಡುಚಳಿಯ ದಿನಗಳಲ್ಲಿ ಗೋದಿಯ ಅಂಟು ಕಾಯಿಸಿ, ಜಾಡಿಗೆ ತುಂಬಿ, ನೆಲದಡಿ ಇಟ್ಟು ಹತ್ತು ವರ್ಷ ಹಾಗೇ ಬಿಡುತ್ತಾರೆ. ಬೀದಿಗೆ ಹೊಸಬರು ಬಂದರೆ ಆ ಹುಳಿನಾತಕ್ಕೆ ಮೂಗು ಮುಚ್ಚಿಕೊಳ್ಳುತ್ತಾರೆ. ನಮಗೆ ಅದು ಇಲ್ಲದಿದ್ದರೇ ಏನೋ ಕಳೆದ ಹಾಗೆ.

ಇಂಥ ಮನೆಯ ಒಬ್ಬನೇ ಮಗ ಇಪ್ಪತ್ತೆರಡನೆಯ ವಯಸ್ಸಿಗೆ, ಎಣ್ಣೆಬಣ್ಣ ಕಲಿಯಲು ಪ್ಯಾರಿಸಿಗೆ ಹೋಗುತ್ತೇನೆ ಎಂದ. ಅಪ್ಪ ಜಿಂಬೆ ಹೆಚ್ಚು ಮಾತಿನ ಆಸಾಮಿಯಲ್ಲ. ಆ ಚಿತ್ರಗಳು ಪರದೇಶದವರ ಬೆಣ್ಣೆನಾತ ಹೊಡೆಯುತ್ತವೆ, ಅಂಥದ್ದಕ್ಕೆ ಈ ಮನೆಯಲ್ಲಿ ಪೆಟ್ಟಿಗೆ ಸಿಕ್ಕುವುದಿಲ್ಲ ಎಂದಷ್ಟೇ ಹೇಳಿದ. ಅದು ಸಣ್ಣ ಮಾತಲ್ಲ. ಆ ಮನೆಯಿಂದ ಹೊರಗೆ ಹೋಗುವ ಪ್ರತಿ ಚಿತ್ರಕ್ಕೂ ಅದರದೇ ಅಳತೆಯ ಹಗುರ ಮರದ ಪೆಟ್ಟಿಗೆ ಇರುತ್ತದೆ, ಮುಚ್ಚಳದ ಮೇಲೆ ಚಿತ್ರದ ಹೆಸರೂ ಬರೆದವನ ಹೆಸರೂ ಇರುತ್ತದೆ. ಪೆಟ್ಟಿಗೆಯಿಲ್ಲದ ಚಿತ್ರ ಅಂದರೆ ಹೆಸರಿಡದ ಮಗುವಿದ್ದ ಹಾಗೆ.

ಐದು ವರ್ಷ ಕಳೆದು ಶುನ್‌ಸಾಕು ಹಡಗಿನಿಂದ ಇಳಿಯುವ ಹೊತ್ತಿಗೆ ಜಿಂಬೆ ತೀರಿಕೊಂಡು ಐವತ್ತು ದಿನವಾಗಿತ್ತು. ಮಗ ಬಂದನಲ್ಲ ಎಂದು ನಾವೆಲ್ಲ ನೋಡಲು ಹೋದೆವು. ಮಂಡಿ ಮಡಚಿ ಕೂತು ಒಂದು ಲೋಟ ಚಹಾ ಮುಗಿಸುವಷ್ಟು ಹೊತ್ತೂ ಅವನಿಗೆ ಕೂರಲಾಗಲಿಲ್ಲ. ಕುರ್ಚಿಯ ಮೇಲೆ ಕೂತು ಕೂತು ಬುಡವೇ ಬದಲಾಗಿದೆ ಎಂದು ನಮ್ಮ ಹೆಂಗಸರು ನಕ್ಕರು. ಏಳುವುದು, ಹಿತ್ತಲಿಗೆ ಹೋಗುವುದು, ಮತ್ತೆ ಬೀದಿಬಾಗಿಲಿಗೆ ಬರುವುದು. ಚಾಪೆ ಸವೆಯುವುದೊಂದು ಬಾಕಿ. ಅಲ್ಲಿ ಪ್ಯಾರಿಸಿನಲ್ಲಿ ಅವನ ಮೇಷ್ಟರು, ನಿಮ್ಮವರಿಗೆ ಅಷ್ಟು ಚೆಂದದ ಗೆರೆ ಇರುವಾಗ ನಮ್ಮ ಎಣ್ಣೆಬಣ್ಣದ ಕೆಸರು ಯಾಕಯ್ಯಾ ನಿನಗೆ ಎಂದು ಕೇಳುತ್ತಿದ್ದರಂತೆ. ಜೊತೆಯ ಹುಡುಗರು ಅವನ ಕೈಗೆ ಬೀಸಣಿಗೆ ಕೊಟ್ಟು ಕೂರಿಸಿ ಚಿತ್ರ ಬರೆಯುತ್ತಿದ್ದರಂತೆ. ಇಲ್ಲಿಗೆ ಬಂದರೆ ಎಲ್ಲರಿಗೂ ಬೆಣ್ಣೆನಾತ. ಯಾವ ಕಡೆ ತಿರುಗಿದರೂ ಯಾರೋ ಒಬ್ಬರು ಆ ಕಡೆ ನಿನ್ನ ಮನೆ ಎಂದು ಕೈ ತೋರಿಸುತ್ತಿದ್ದರು.

ಆ ಚಳಿಗಾಲದಲ್ಲಿ ಇಸೊ, ಗಂಡ ಇಲ್ಲದ ಮೊದಲ ವರ್ಷ, ಹಳೆಯ ಕೆಲಸಗಾರ ಯೊನೆಜೊನ ಜೊತೆ ಸೇರಿ ಅಂಟು ಕಾಯಿಸಿದಳು. ಮೂಲೆಯಲ್ಲಿ ಬಿಳಿ ನರ್ಗಿಸ್ ಹೂ, ಇದ್ದಿಲ ಒಲೆ, ಹಬೆ, ಜಾಡಿಯ ಮೇಲೆ ಬಗ್ಗಿದ ತಾಯಿ, ಒಡೆದು ಕೆಂಪಾದ ಅವಳ ಕೈ. ಶುನ್‌ಸಾಕು ಅದನ್ನು ಬರೆಯಲು ಕೂತ. ಮೂರು ತಿಂಗಳು ಅವನು ಚಾಪೆ ಸವೆಸಲಿಲ್ಲ. ಈ ಗೆರೆ ಎಲ್ಲಿಯದು, ಈ ಬಣ್ಣ ಯಾರದು ಎಂಬ ಗೋಜಲು ಆ ಮೂರು ತಿಂಗಳಲ್ಲಿ ಒಮ್ಮೆಯೂ ತಲೆಗೆ ಬರಲಿಲ್ಲ ಎಂದು ಅವನೇ ಆಮೇಲೆ ಹೇಳಿದ್ದುಂಟು. ಚಿತ್ರ ಮುಗಿದ ಮೇಲೆ ನೇತುಹಾಕಲು ಬೇರೆ ಗೋಡೆಯೇ ಇಲ್ಲದೆ ಗೂಡಿನ ಅಡ್ಡಪಟ್ಟಿಗೆ ಆ ಮೊಳೆ ಬಡಿದ. ಜಿಂಬೆ ಬದುಕಿದ್ದರೆ ಆ ಸುತ್ತಿಗೆಯಿಂದಲೇ ಮಗನ ಬೆರಳಿಗೆ ಬಾರಿಸುತ್ತಿದ್ದ.

ಮೇಜಿ ದೊರೆಯ ಆಳ್ವಿಕೆಯ ನಲವತ್ತಮೂರನೆಯ ವರ್ಷ ಅದು. ಶರತ್ಕಾಲಕ್ಕೆ ಟೋಕಿಯೊದಲ್ಲಿ ದೊಡ್ಡ ಚಿತ್ರಪ್ರದರ್ಶನ. ಅದರ ಪಾಶ್ಚಾತ್ಯ ವಿಭಾಗದಲ್ಲಿ ಚಿತ್ರ ಆಯ್ಕೆಯಾದರೆ ಅಲ್ಲಿನ ಒಂದು ಕಲಾಶಾಲೆಯಲ್ಲಿ ಮೇಷ್ಟರ ಕೆಲಸ ಸಿಗುವುದೆಂದು ಗೆಳೆಯ ತರುಮಿ ಮಾತಾಡಿಟ್ಟಿದ್ದ. ಆಗದಿದ್ದರೆ ಅಂಟಿನ ಕುಂಚ ಹಿಡಿಯುವುದೇ ಗತಿ. ಅದೇ ಶಾಲೆಯಲ್ಲಿ ಬೇಸಿಗೆಯ ಪಾಠ ಹೇಳಿಕೊಡಲು ಆಗಸ್ಟಿನಲ್ಲಿ ಹೊರಟಾಗ ಅವನು ತಾಯಿಗೆ ಒಂದೇ ಮಾತು ಹೇಳಿದ್ದ. ನನ್ನ ಜೀವ ಆ ಚಿತ್ರದಲ್ಲಿದೆ, ಅದನ್ನು ಜೋಪಾನ ಮಾಡಮ್ಮ. ಈಗ ರೈಲಿಗೆ ಚಿತ್ರ ಹಾಕಲು ಹತ್ತು ದಿನ ಉಳಿದಿತ್ತು.

ಇಸೊ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದು ಅವನ ಮುಂದಿಟ್ಟಳು. ಜಿಂಬೆ ಹದಿನೈದು ವರ್ಷ ಒಣಗಿಸಿ ಯಾವ ಗಿರಾಕಿಗೂ ಕೊಡದೆ ಇಟ್ಟುಕೊಂಡಿದ್ದ ಹಲಗೆಯಲ್ಲಿ ಮಾಡಿಸಿದ ಪೆಟ್ಟಿಗೆ. ಶುನ್‌ಸಾಕು ಮುಚ್ಚಳದ ಕಡೆ ನೋಡಲೇ ಇಲ್ಲ, ಅದನ್ನು ಕೆಳಗೆ ಕವುಚಿ ಹಾಕಿದ. ಒಳಗೆ ಹಳದಿ ಬಟ್ಟೆ, ಬಟ್ಟೆಯೊಳಗೆ ನೇಯ್ದ ಹುರಿಯಲ್ಲಿ ಕಟ್ಟಿದ ಸುರುಳಿ. ಹುರಿ ಬಿಚ್ಚಿ ಒಂದು ಗೇಣು ಹೊರಳಿಸಿದ. ಅಕ್ಕಿಹಪ್ಪಳ ಮುರಿದ ಹಾಗೆ ಸದ್ದಾಯಿತು. ಇನ್ನೊಂದು ಗೇಣಿಗೆ ಇನ್ನೊಂದು ಸದ್ದು.

ಬಣ್ಣದ ಮೇಲೆ ಅವಳು ತೆಳುಕಾಗದ ಹಾಸಿ ಸುತ್ತಿದ್ದಳು. ಆಗಸ್ಟಿನ ಸೆಕೆಗೆ ಕಾಗದ ಅಲ್ಲಲ್ಲಿ ಬಣ್ಣಕ್ಕೆ ಹತ್ತಿಕೊಂಡಿತ್ತು. ಹತ್ತಿಕೊಳ್ಳದ ಕಡೆ ಚಿತ್ರದ ಅಗಲಕ್ಕೂ ಬಿರುಕುಗಳು ಎದ್ದಿದ್ದವು, ಒಂದರ ಕೆಳಗೊಂದು. ಹಬೆ ಇದ್ದಲ್ಲಿ ದಪ್ಪಗೆ ಮೆತ್ತಿದ್ದ ಬಿಳಿ ಬಣ್ಣ ಚೂರುಚೂರಾಗಿ ಅವನ ಮಂಡಿಯ ಮೇಲೆ ಉದುರಿತು. ತಾಯಿಯ ಕೈಯ ಮೇಲೆ, ಮಣಿಕಟ್ಟಿನಿಂದ ಬೆರಳಿನವರೆಗೆ, ಏಳು ಬಿರುಕು.

"ಒಲೆಗೆ ಹಾಕಿದ್ರೂ ಇಷ್ಟು ಹಾಳಾಗ್ತಿರ್ಲಿಲ್ಲ," ಎಂದ ಶುನ್‌ಸಾಕು. ದನಿ ಏರಿರಲಿಲ್ಲ, ಅದೇ ಭಯವಾಗುವಂತಿತ್ತು. "ಅಪ್ಪನ ಕೈಲಿ ಆಗದ್ದನ್ನ ನೀನು ಮಾಡಿ ಮುಗಿಸ್ದೆ. ಈಗ ಇಬ್ರಿಗೂ ನೆಮ್ಮದಿ ತಾನೇ?"

ಇಸೊ ಮುಂದಕ್ಕೆ ಬಗ್ಗಿ ಒಂದು ಬಿರುಕಿನ ಅಂಚನ್ನು ಉಗುರಿನ ತುದಿಯಿಂದ ಮುಟ್ಟಿ ನೋಡಿದಳು. ನಲವತ್ತು ವರ್ಷ ಹರಿದ ಚಿತ್ರಗಳನ್ನು ನೋಡಿದ ಕಣ್ಣು, ಏನಾಗಿದೆ ಎಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಖ ಕಪ್ಪಿಟ್ಟಿತು.

"ದಪ್ಪ ಬಣ್ಣ ಅಂತ ದಪ್ಪ ದಿಂಡಿಗೇ ಸುತ್ತಿದ್ದೆ," ಎಂದಳು, ತನಗೇ ಹೇಳಿಕೊಳ್ಳುವಂತೆ. "ಇದ್ದಿದ್ರಲ್ಲಿ ಎಲ್ಲಕ್ಕಿಂತ ದಪ್ಪದ್ದು."

ಶುನ್‌ಸಾಕು ಎದ್ದು ಹೊರಗೆ ಹೋದ. ನದಿಯ ದಂಡೆಯ ಉದ್ದಕ್ಕೂ ಅತ್ತಿಂದಿತ್ತ ನಡೆದ. ರೇಷ್ಮೆಗೆ ಬಣ್ಣ ಹಾಕುವವರು ನೀರಿನಲ್ಲಿ ಬಟ್ಟೆ ಜಾಲಿಸುತ್ತಿದ್ದರು. ಅವರಲ್ಲೊಬ್ಬ, ಅಂಟಿನ ಮನೆಯವರಿಗೆ ಪ್ಯಾರಿಸಿನಲ್ಲಿ ಇಷ್ಟು ಉದ್ದದ ನದಿ ಸಿಕ್ಕಿರಲಿಲ್ಲವೇನೋ ಎಂದು ಛೇಡಿಸಿದ. ಅವನಿಗೆ ಕೇಳಿಸಲಿಲ್ಲ. ಮತ್ತೊಂದು ಬರೆಯಲು ಮತ್ತೊಂದು ಚಳಿಗಾಲ ಬೇಕು. ಅಷ್ಟರಲ್ಲಿ ಕೆಲಸ ಯಾರ ಪಾಲಾಗಿರುತ್ತದೋ. ಅಮ್ಮನ ಮೇಲೆ ಸಿಟ್ಟು ಬಂತು, ಹಾಗೆ ಮಾತಾಡಿದ ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು, ಕೊನೆಗೆ ಋತುವಿಗೊಂದು ಚಿತ್ರ ಬದಲಿಸುವ ಈ ಊರಿನ ಮೇಲೇ ಬಂತು.

ಮನೆಗೆ ಮರಳಿದಾಗ ಯೊನೆಜೊ ಕೆಲಸದ ಕೋಣೆಯಲ್ಲಿ ಕಾಗದ ಕತ್ತರಿಸುತ್ತಿದ್ದ. ಅರವತ್ತೆಂಟರ ಮುದುಕ, ಶುನ್‌ಸಾಕುವನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ತಲೆ ಎತ್ತದೆ ಮಾತಾಡಿದ.

"ಚಿಕ್ಕ ಯಜಮಾನ್ರು ಮುಚ್ಚಳ ಓದಿದ್ರಾ?"

ಓದಿರಲಿಲ್ಲ. ಯೊನೆಜೊ ಮುಚ್ಚಳವನ್ನೂ ಅದರ ಜೊತೆಗೆ ಒಂದು ಕಾಗದದ ಕಟ್ಟನ್ನೂ ಅವನ ಕಡೆ ಜರುಗಿಸಿದ. ಮುಚ್ಚಳದ ಮೇಲೆ ಸ್ವಲ್ಪ ವಾಲಿದ ಅಕ್ಷರಗಳಲ್ಲಿ ಬರೆದಿತ್ತು: ಕಡುಚಳಿಯ ಅಂಟು. ಕೆಳಗೆ ಅವನ ಹೆಸರು. ಪಕ್ಕದಲ್ಲಿ, ಜಿಂಬೆಯ ಮಗ. ಕಟ್ಟಿನ ನಲವತ್ತು ಹಾಳೆಗಳ ಮೇಲೂ ಅದೇ ಅಕ್ಷರಗಳು, ಮೊದಮೊದಲ ಹಾಳೆಗಳಲ್ಲಿ ಮಕ್ಕಳು ಗೀಚಿದ ಹಾಗೆ. ಇಸೊಗೆ ಓದು ಬರುತ್ತಿತ್ತು, ಕುಂಚ ಹಿಡಿದು ನಾಲ್ಕು ಜನ ನೋಡುವಂತೆ ಬರೆದು ಗೊತ್ತಿರಲಿಲ್ಲ.

"ನಾನು ಬರ್ಕೊಡ್ತೀನಿ ಅಮ್ಮಾವ್ರೇ ಅಂದೆ," ಎಂದ ಯೊನೆಜೊ. "ಹೆತ್ತವಳು ನಾನು, ಹೆಸರಿಡೋದೂ ನಾನೇ ಅಂದ್ರು. ಹಬ್ಬದವರೆಗೂ ದಿನಾ ಬೆಳಿಗ್ಗೆ ಕೂತು ತಿದ್ದಿದ್ರು. ಹಬ್ಬದ ದಿನ ತೀರ್ಕೊಂಡ ಯಜಮಾನ್ರ ಹೆಸರಿನ ಫಲಕದ ಮುಂದೆ ಪೆಟ್ಟಿಗೆ ಇಟ್ಟು, ನೋಡಿ, ಪೆಟ್ಟಿಗೆ ಆಯ್ತು ಅಂತ ಹೇಳಿದ್ರು. ನಾನೇ ಕೇಳಿಸ್ಕೊಂಡೆ."

ಶುನ್‌ಸಾಕು ಹಾಳೆಗಳನ್ನು ಒಂದೊಂದಾಗಿ ತಿರುವಿದ.

"ಬೇಸಿಗೇಲಿ ಚಳಿಗಾಲದ ಚಿತ್ರ ತೂಗಿದ್ರೆ ಬಂದ ನೆಂಟರು ಏನಂತಾರೆ? ಜೋಪಾನ ಮಾಡಿ ಅಂತ ಬೇರೆ ಹೇಳಿ ಹೋಗಿದ್ರಿ. ಈ ಮನೇಲಿ ಚಿತ್ರ ಜೋಪಾನ ಮಾಡೋದು ಅಂದ್ರೆ ಇನ್ನೇನು ಸ್ವಾಮಿ? ಐದು ವರ್ಷಕ್ಕೆ ಅದೂ ಮರ್ತು ಹೋಯ್ತಾ?"

ಮರೆತುಹೋಗಿತ್ತು. ಅವನಿಗೆ ಈಗ ನಾಚಿಕೆಯಾದದ್ದು ಅದಕ್ಕೆ. ಚೌಕಟ್ಟು ಬಿಚ್ಚಬೇಡ, ಗೋಡೆಯಲ್ಲೇ ಇರಲಿ ಎನ್ನಲು ಎರಡು ಮಾತು ಸಾಕಾಗಿತ್ತು. ಚಿತ್ರವೆಂದರೆ ಗೋಡೆಗೆ ಹಾಕಿ ಬಿಡುವ ವಸ್ತು ಎಂದು ಅವನು ಎಷ್ಟು ಸಹಜವಾಗಿ ತಿಳಿದುಕೊಂಡಿದ್ದನೆಂದರೆ, ಸುತ್ತಿಡುವ ಮನೆಯಲ್ಲೇ ಹುಟ್ಟಿ ಬೆಳೆದವನಿಗೆ ಆ ಮಾತು ಹೇಳಬೇಕೆಂದೇ ಹೊಳೆದಿರಲಿಲ್ಲ.

ಮಾರನೆಯ ದಿನ ಇಸೊ ಏನೂ ಆಗದವಳಂತೆ ಕೆಲಸದ ಮಣೆಯ ಮುಂದೆ ಕೂತು ಚಿತ್ರವನ್ನು ಬಿಚ್ಚಿ ಹಾಸಿಸಿದಳು. ಮಗನಿಗೆ ಕ್ಷಮೆ ಕೇಳಲಿಲ್ಲ, ಅವನಿಂದ ಕೇಳಿಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಕೇಳಿದ್ದೆಲ್ಲ ಕಸುಬಿನ ಪ್ರಶ್ನೆ. ಈ ಬಣ್ಣಕ್ಕೆ ನೀರು ತಾಗಬಹುದೇ. ತಾಗಬಹುದು ಎಂದ. ಬಿಸಿ? ಬೇಡ. ಇದರ ಕೆಳಗೆ ಏನಿದೆ? ಬಿಳಿ ಪದರ, ಅದರ ಕೆಳಗೆ ನಾರಿನ ಬಟ್ಟೆ. ಅಷ್ಟೆಲ್ಲ ಎಣ್ಣೆ ಕುಡಿಸಿದ ಬಟ್ಟೆ ಉಸಿರಾಡುವುದು ಹೇಗೆ ಎಂದು ಅವಳು ಗೊಣಗಿದಳು. ಒದ್ದೆ ಕುಂಚದ ತುದಿಯಿಂದ ಹತ್ತಿಕೊಂಡ ಕಾಗದವನ್ನು ಎಳೆಎಳೆಯಾಗಿ ಬಿಡಿಸಿದಳು. ಉದುರಿದ ಚೂರುಗಳನ್ನು ಶುನ್‌ಸಾಕು ತಟ್ಟೆಯಲ್ಲಿ ಆರಿಸಿಟ್ಟ, ಯಾವುದು ಹಬೆ ಯಾವುದು ಹೂ ಎಂದು ಅವನೊಬ್ಬನಿಗೇ ಗೊತ್ತಿತ್ತು. ಅವನು ತೋರಿಸಿದ ಜಾಗಕ್ಕೆ ಯೊನೆಜೊ ಮೀನಿನ ಸರೇಸು ತಾಗಿಸಿ ಕೂರಿಸಿದ.

ಆಮೇಲೆ ಚಿತ್ರವನ್ನು ಕವುಚಿ ಹಾಕಿದರು. ಹಿಂಬದಿಯಲ್ಲಿ ಪ್ರತಿ ಬಿರುಕಿನ ಗೆರೆಗೂ ಒಂದು ಕಡ್ಡಿಯಷ್ಟು ಅಗಲದ ಕಾಗದದ ಪಟ್ಟಿ. ಮಡಿಕೆ ಬಿದ್ದ ಸುರುಳಿಗಳಿಗೆ ಆ ಮನೆಯಲ್ಲಿ ಯಾವತ್ತೂ ಮಾಡುವ ಉಪಚಾರವೇ ಅದು. ಎಣ್ಣೆ ಕುಡಿದ ಬಟ್ಟೆಗೆ ಹೊಸ ಅಂಟು ಹಿಡಿಯಲಿಲ್ಲ, ಒಣಗಿದ ಮೇಲೆ ಸಿಡಿದು ಎದ್ದಿತು. ಇಸೊ ನೆಲದ ಹಲಗೆ ಎತ್ತಿಸಿ, ಜಿಂಬೆ ಹತ್ತು ವರ್ಷದ ಹಿಂದೆ ತುಂಬಿಸಿಟ್ಟಿದ್ದ ಜಾಡಿ ತೆಗೆಸಿ, ಅದನ್ನು ಹೊಸದಕ್ಕೆ ಬೆರೆಸಿದಳು. ಹಿಡಿಯಿತು. ಮೂರು ಜನ ಮಂಡಿಯೂರಿ ಕೂತು ಏಳು ದಿನ ಪಟ್ಟಿ ಹಚ್ಚಿದರು. ಶುನ್‌ಸಾಕುವಿನ ಕಾಲು ಜೋಮು ಹಿಡಿಯುತ್ತಿತ್ತು. ಎದ್ದು ನಾಲ್ಕು ಹೆಜ್ಜೆ ನಡೆದು ಮತ್ತೆ ಬಂದು ಕೂರುತ್ತಿದ್ದ.

ಐದನೆಯ ದಿನ ಅವನು ಕೆಲಸ ನಿಲ್ಲಿಸದೆ ಒಂದು ಸಂಗತಿ ಹೇಳಿದ. ಪ್ಯಾರಿಸಿನ ಮೇಷ್ಟರ ಮನೆಯಲ್ಲಿ ಒಂದು ಸುರುಳಿಚಿತ್ರ ಇತ್ತಂತೆ, ಮಂಜಿನಲ್ಲಿ ನಿಂತ ಕೊಕ್ಕರೆಯದು. ಬೆಂಕಿಗೂಡಿನ ಮೇಲೆ, ಕಿಟಕಿಯ ಎದುರು, ಐದು ವರ್ಷವೂ ಹಗಲಿರುಳೂ ಅದೇ ಮೊಳೆಯಲ್ಲಿ. ರೇಷ್ಮೆ ಚಹಾದ ಬಣ್ಣಕ್ಕೆ ತಿರುಗಿ ಅಂಚು ಪುಡಿಯಾಗುತ್ತಿತ್ತು. ಅಂಚಿನ ಮಡಿಕೆ ನೋಡಿದರೆ ಕ್ಯೋಟೋದ ಕೈ ಎಂಬುದು ಖಂಡಿತ. ಅದನ್ನು ಇಳಿಸಿ, ಸುತ್ತಿಡಿ, ಸತ್ತುಹೋಗುತ್ತದೆ ಎಂದು ಹೇಳಬೇಕೆಂದು ಪ್ರತಿ ಬುಧವಾರವೂ ಅಂದುಕೊಂಡು ಹೋಗುತ್ತಿದ್ದನಂತೆ.

"ಯಾಕೆ ಹೇಳ್ಲಿಲ್ಲ?" ಎಂದಳು ಇಸೊ.

"ನಿಂಗೆ ಹೇಗೆ ಗೊತ್ತು ಅಂತ ಕೇಳ್ತಿದ್ರು. ಅಂಟಿನ ಮನೆಯವನು ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಯ್ತು ಅಮ್ಮ."

ಇಸೊ ಪಟ್ಟಿಯೊಂದನ್ನು ಕುಂಚದಿಂದ ತಟ್ಟಿ ಕೂರಿಸಿದಳು. "ಪಾಪ, ಕೊಕ್ಕರೆ," ಎಂದಳು. ಆಮೇಲೆ ಅವನಿಗೆ ಇನ್ನೊಂದು ಪಟ್ಟಿ ಕೊಟ್ಟಳು.

ಚೌಕಟ್ಟಿಗೆ ಮತ್ತೆ ಬಿಗಿದು ನಿಲ್ಲಿಸಿದಾಗ ಚಿತ್ರ ಒಟ್ಟಾಗಿತ್ತು, ಗೆರೆಗಳು ಮಾತ್ರ ಹಾಗೇ ಕಾಣುತ್ತಿದ್ದವು. ಅವಕ್ಕೆ ಬಣ್ಣ ತುಂಬುವುದು ಬಾಕಿ. ಬೇರೆಯವರ ಚಿತ್ರಕ್ಕೆ ಹೊಸ ಬಣ್ಣ ಹಚ್ಚುವುದು ಅಂಟಿನ ಮನೆಯಲ್ಲಿ ನಿಷಿದ್ಧ, ಆದರೆ ಇದು ನಿಮ್ಮದೇ ಅಲ್ಲವೇ ಎಂದ ಯೊನೆಜೊ. ಶುನ್‌ಸಾಕು ಮಣಿಕಟ್ಟಿನ ಎರಡು ಬಿರುಕುಗಳಿಗೆ ಬಣ್ಣ ತುಂಬಿದ. ಅದು ಸೆಪ್ಟೆಂಬರಿನ ಕೆಂಪು, ಜನವರಿಯ ಚಳಿಗೆ ಒಡೆದ ಕೈಯ ಕೆಂಪಲ್ಲ. ಆ ಎರಡು ಬೆರಳಗಲದ ಜಾಗದಲ್ಲಿ ಕೈ ಅವನ ತಾಯಿಯದಾಗಿ ಉಳಿಯಲಿಲ್ಲ, ಪ್ಯಾರಿಸಿನ ಶಾಲೆಯಲ್ಲಿ ಚಿತ್ರ ಬರೆಸಿಕೊಳ್ಳಲು ಕೂಲಿಗೆ ಕೂರುತ್ತಿದ್ದ ಯಾವಳೋ ಹೆಂಗಸಿನ ಕೈಯಾಯಿತು. ಚಿಂದಿಬಟ್ಟೆಗೆ ಟರ್ಪೆಂಟೈನ್ ಅದ್ದಿ ಒರೆಸಿಬಿಟ್ಟ. ಹೀಗೇ ಹೋಗಲಿ ಎಂದು ಮರುದಿನ ರೈಲಿಗೆ ಹಾಕಿಸಿ ಬಂದ.

ಆಮೇಲಿನ ಮೂರು ವಾರ ಅವನು ನಮ್ಮ ಬೀದಿಯನ್ನು ಅಳೆದಷ್ಟು ಯಾವ ಸರ್ವೆಯವನೂ ಅಳೆದಿರಲಾರ. ಅಂಚೆಯವನು ಮೂಲೆ ತಿರುಗಿದರೆ ಬಾಗಿಲಿಗೆ ಬರುತ್ತಿದ್ದ, ಅವನು ಮುಂದೆ ಹೋದರೆ ತಾನೂ ಒಳಗೆ ಹೋಗುತ್ತಿದ್ದ. ಇಸೊ ಕೇಳಿದ್ದು ಒಂದೇ ಸಲ. ಆಯ್ಕೆಯಾದರೆ ಟೋಕಿಯೊದಲ್ಲಿ ಮನೆ ಮಾಡುತ್ತೀಯಾ ಎಂದು. ಮಾಡಬೇಕಾಗುತ್ತದೆ ಎಂದ.

ತರುಮಿಯ ಕಾಗದ ಒಂದು ಮಧ್ಯಾಹ್ನ ಬಂತು. ಚಿತ್ರ ಆಯ್ಕೆಯಾಗಿರಲಿಲ್ಲ. ತರುಮಿ ಒಳಗಿನ ಮಾತನ್ನೆಲ್ಲ ಬರೆದಿದ್ದ. ಪಾಶ್ಚಾತ್ಯ ವಿಭಾಗದ ಒಬ್ಬರು, ಈ ಹೆಂಗಸಿನ ಬೆನ್ನಿನ ಗೆರೆ ನಮ್ಮ ಹಳೆಯ ಕುಂಚದ ಗೆರೆ, ಇದು ಜಪಾನಿ ವಿಭಾಗಕ್ಕೆ ಹೋಗಲಿ ಎಂದರಂತೆ. ಜಪಾನಿ ವಿಭಾಗದವರು ಎಣ್ಣೆಬಣ್ಣವನ್ನು ಬಾಗಿಲೊಳಗೇ ಬಿಡಲಿಲ್ಲ. ಕೊನೆಗೆ ಬಿರುಕುಗಳ ಮಾತು ಬಂದಾಗ ಹಿರಿಯ ತೀರ್ಪುಗಾರರು ಹೇಳಿದ್ದನ್ನು ಶುನ್‌ಸಾಕು ತಾಯಿಗೂ ಯೊನೆಜೊಗೂ ಗಟ್ಟಿಯಾಗಿ ಓದಿದ. ಯೂರೋಪಿನಿಂದ ಬಂದ ಹುಡುಗರು ಅಲ್ಲಿನ ನಾನೂರು ವರ್ಷದ ಹಳೆಯ ಚಿತ್ರಗಳ ಬಿರುಕನ್ನೂ ಬಿಡದೆ ನಕಲು ಮಾಡುತ್ತಿದ್ದಾರೆ, ಈ ಶೋಕಿಗೆ ಪ್ರೋತ್ಸಾಹ ಕೊಡಬಾರದು.

ಇಸೊ ಅವನ ಕೈಯಿಂದ ಕಾಗದ ತೆಗೆದುಕೊಂಡು ಆ ಸಾಲನ್ನು ತಾನೇ ಮತ್ತೊಮ್ಮೆ ಓದಿದಳು.

"ಆ ಬಿರುಕು ನಂದು ಅಂತ ಅವರಿಗೆ ಬರೆದು ಹಾಕು," ಎಂದಳು.

ಯೊನೆಜೊ ಮೊದಲು ನಕ್ಕ. ಆಮೇಲೆ ಶುನ್‌ಸಾಕು ನಗಲು ಶುರುಮಾಡಿದ, ಅದು ನಿಲ್ಲಲೇ ಇಲ್ಲ. ಕಣ್ಣಲ್ಲಿ ನೀರು ಬಂದರೂ ನಿಲ್ಲಲಿಲ್ಲ, ಕೊನೆಗೆ ಅದು ನಗುವೇ ಅಲ್ಲವೆಂದು ಗೊತ್ತಾದಾಗ ಇಸೊ ಎದ್ದು ಚಹಾ ಕಾಯಿಸಲು ಹೋದಳು. ಮೇಷ್ಟರ ಕೆಲಸ ಬೇರೆ ಯಾರಿಗೋ ಆಯಿತು.

ಚಿತ್ರ ನವೆಂಬರಿನಲ್ಲಿ ವಾಪಸು ಬಂತು. ಹಲಗೆಯ ಪೆಟಾರಿಯನ್ನು ಬಿಚ್ಚದೆ ಉಗ್ರಾಣದ ಗೋಡೆಗೆ ಒರಗಿಸಿದ. ಹೊಸ ಕ್ಯಾನ್ವಾಸು ಬಿಗಿದು ಅದರ ಮುಂದೆ ಬೆಳಗಿನಿಂದ ಮಧ್ಯಾಹ್ನದವರೆಗೆ ನಿಲ್ಲುತ್ತಿದ್ದ, ಮಧ್ಯಾಹ್ನದ ಮೇಲೆ ಬೀದಿ ಅಳೆಯುತ್ತಿದ್ದ. ಯೊಕೊಹಾಮದ ಹಡಗುಗಳ ವೇಳಾಪಟ್ಟಿ ತರಿಸಿಕೊಂಡಿದ್ದಾನೆ ಎಂಬ ಸುದ್ದಿಯೂ ಇತ್ತು. ಹೋಗುತ್ತಾನೋ ಇರುತ್ತಾನೋ ಎಂದು ನಾವು ಪಂಥ ಕಟ್ಟುವಷ್ಟರ ಮಟ್ಟಿಗೆ ಅದು ಬೀದಿಯ ಮಾತಾಯಿತು.

ಜನವರಿಯ ಕಡುಚಳಿ ಬಂತು. ಅಂಟು ಕಾಯಿಸುವ ಮೊದಲನೆಯ ದಿನ ಬೆಳಿಗ್ಗೆ ಇಸೊ ಗೂಡಿನಲ್ಲಿದ್ದ ಹೊಸವರ್ಷದ ಸುರುಳಿಯನ್ನು ಇಳಿಸಿ ಸುತ್ತಿಟ್ಟು, ಖಾಲಿ ಗೂಡಿನ ಮುಂದೆ ನಿಂತು ಮಗನನ್ನು ಕರೆದಳು.

"ತಂದು ಹಾಕು. ಈಗ ಅದರ ಕಾಲ."

ಅವನು ಪೆಟಾರಿ ಒಡೆದು ಚಿತ್ರ ತಂದು ಅದೇ ಮೊಳೆಗೆ ತೂಗುಹಾಕಿದ. ಗೂಡಿನ ಮೂಲೆಯಲ್ಲಿ ಇಸೊ ನರ್ಗಿಸ್ ಹೂ ಇಟ್ಟಳು. ಆ ಹದಿನೈದು ದಿನ ಚಿತ್ರದೊಳಗೂ ಹೊರಗೂ ಒಂದೇ ಕೆಲಸ ನಡೆಯಿತು. ಯೊನೆಜೊನ ತೋಳು ಆ ವರ್ಷ ಸೋತಿತ್ತು, ಅಂಟಿಗೆ ಹುಟ್ಟು ಹಾಕಿ ತಿರುಗಿಸಲು ಶುನ್‌ಸಾಕು ನಿಂತ. ಅವನ ಕೈಯೂ ಒಡೆಯಿತು. ನೋಡಲು ಹೋದ ನಾವೆಲ್ಲ ಚಿತ್ರದ ಮುಂದೆ ಸ್ವಲ್ಪ ಹೊತ್ತು ಕೂತು ಬಂದೆವು. ಬೆಣ್ಣೆನಾತದ ಮಾತು ಯಾರೂ ಎತ್ತಲಿಲ್ಲ. ಅಂಟಿನ ನಾತದಲ್ಲಿ ಇನ್ನು ಯಾವ ನಾತವೂ ಹತ್ತುವಂತಿರಲಿಲ್ಲ.

ಫೆಬ್ರವರಿಯ ಮೊದಲ ವಾರ ಚಳಿಯ ಗಡುವು ಮುಗಿಯಿತು. ಅಂದು ಬೆಳಿಗ್ಗೆ ಇಸೊ ಎದ್ದು ಬರುವಷ್ಟರಲ್ಲಿ ಶುನ್‌ಸಾಕು ಚಿತ್ರವನ್ನು ಇಳಿಸಿ ಚಾಪೆಯ ಮೇಲೆ ಕವುಚಿ ಹಾಕಿಕೊಂಡು ಚೌಕಟ್ಟಿನ ಚಿಕ್ಕ ಮೊಳೆಗಳನ್ನು ಕೀಳುತ್ತಿದ್ದ. ಪ್ರತಿಯೊಂದನ್ನೂ ಕಲ್ಲಿನ ಮೇಲಿಟ್ಟು ತಟ್ಟಿ ನೆಟ್ಟಗೆ ಮಾಡಿ ಚಹಾದ ಡಬ್ಬಿಗೆ ಹಾಕುತ್ತಿದ್ದ. ಪಕ್ಕದಲ್ಲಿ ಪೀಪಾಯಿ ಮಾಡುವವನಿಂದ ಮಾಡಿಸಿ ತಂದ, ಎರಡು ತೋಳಿನಿಂದ ತಬ್ಬಿದರೂ ತುಂಬುವಷ್ಟು ದಪ್ಪದ ಮರದ ಉರುಳೆ.

ಇಸೊ ಎದುರಿಗೆ ಕೂತು ಕ್ಯಾನ್ವಾಸಿನ ಇನ್ನೊಂದು ತುದಿ ಹಿಡಿದಳು. ಅವನು ಬಣ್ಣದ ಬದಿಯನ್ನು ಹೊರಕ್ಕೆ ಮಾಡಿದ್ದು ನೋಡಿ ಕೈ ತಡೆದಳು. ಚಿತ್ರದ ಮುಖ ಹೊರಗೆ ಮಾಡಿ ಸುತ್ತುವುದು ಆ ಮನೆಯಲ್ಲಿ ಕಂಡು ಕೇಳದ್ದು.

"ಮುಖ ಹೊರಗೆ ಹಾಕ್ತಾರೇನೋ?"

"ಇದಕ್ಕೆ ಹೊರಗೇ ಅಮ್ಮ. ಒಳಗೆ ಹಾಕಿದ್ರೆ ಬಣ್ಣ ಮುರಿಯತ್ತೆ."

ಅವಳು ಒಂದು ಗಳಿಗೆ ಯೋಚಿಸಿ, ತನ್ನ ಕಡೆಯ ತುದಿಯನ್ನು ಉರುಳೆಗೆ ಆನಿಸಿದಳು. ಇಬ್ಬರೂ ನಿಧಾನವಾಗಿ ಉರುಳಿಸಿದರು. ಯಾವ ಸದ್ದೂ ಆಗಲಿಲ್ಲ. ಅದಕ್ಕೆ ತಕ್ಕ ಪೆಟ್ಟಿಗೆ ಮಾಡಿಸಿದರೆ ಅಕ್ಕಿಯ ಕಣಜದಷ್ಟಾಗುತ್ತದೆ, ಇಡುವುದೆಲ್ಲಿ ಎಂದು ಯೊನೆಜೊ ಬಾಗಿಲಲ್ಲಿ ನಿಂತು ಚಿಂತೆ ಮಾಡಿದ. ಅಮ್ಮ ಬರೆದ ಹಳೆಯ ಮುಚ್ಚಳ ಇದೆಯಲ್ಲ, ಅದನ್ನೇ ಕೂರಿಸಿ ಎಂದ ಶುನ್‌ಸಾಕು.

ಇಸೊ ಉಗ್ರಾಣದಿಂದ ಕೆಂಪು ಪ್ಲಮ್ ಹೂವಿನ ಸುರುಳಿ ತಂದಳು. ಶುನ್‌ಸಾಕು ಇಕ್ಕಳ ತೆಗೆದುಕೊಂಡು ಗೂಡಿನ ಮುಂದೆ ಮಣೆ ಹಾಕಿ ಹತ್ತಿದ. ಎರಡು ಹಬ್ಬದಿಂದ ಅವಳು ಬೈಯುತ್ತಿದ್ದ ಆ ದಪ್ಪ ಮೊಳೆಯನ್ನು ಇಕ್ಕಳದಲ್ಲಿ ಕಚ್ಚಿಸಿ ಎಳೆಯಲು ಅಣಿಯಾದ.

"ಅದು ಇರ್ಲಿ ಬಿಡು," ಎಂದಳು ಇಸೊ.

ಅವನು ಇಳಿದ. ಅವಳು ಕೋಲಿನ ತುದಿಯಿಂದ ಸುರುಳಿಯ ಹುರಿಯನ್ನು ಗೂಡಿನ ಹಳೆಯ ಕೊಕ್ಕೆಗೆ ಸಿಕ್ಕಿಸಿ, ಕೆಳಕ್ಕೆ ಬಿಚ್ಚುತ್ತ ಬಂದಳು. ಹೂಗಳು ಒಂದೊಂದಾಗಿ ಕಂಡವು. ಅವುಗಳ ಮೇಲೆ ಮೊಳೆ ಇತ್ತು.